ಜಾಕ್‌ಪಾಟ್ ಯಾರ ದುಡ್ಡು?

(ಹೈದರಾಬಾದಿನ ಮಣಿಕೊಂಡದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಮಣಿಕೊಂಡದಿಂದ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಹೋಗಿಬರಬೇಕೆಂದರೆ ಈ ಊರಿನ ಟ್ರಾಫಿಕ್ಕಿನಲ್ಲಿ ಅರ್ಧ ದಿನವೇ ಬೇಕು. ಹಾಗಿರುವಾಗ ಕನ್ನಡದ ಉಪನ್ಯಾಸವನ್ನು ಇಲ್ಲಿಗೇ, ನಿಮ್ಮ ಮನೆಬಾಗಿಲಿಗೇ ತಂದ ದತ್ತಿದಾನಿಗಳಿಗೆ ಮೊದಲು ನನ್ನ ನಮಸ್ಕಾರ. ದತ್ತಿ ಉಪನ್ಯಾಸವೆಂದರೆ ಸಾಹಿತ್ಯವನ್ನೋ ಸಂಗೀತವನ್ನೋ ಕುರಿತದ್ದಾಗಿರಬೇಕೆಂದು ನಿರೀಕ್ಷಿಸುವವರುಂಟು. ನಾನು ಆರಿಸಿಕೊಂಡದ್ದು ಲಾಟರಿಯನ್ನು. ಅದರಲ್ಲೂ ಸರ್ಕಾರವೇ ನಡೆಸುವ ಜಾಕ್‌ಪಾಟ್ ಆಟವನ್ನು. ತೆಲಂಗಾಣದಲ್ಲಿ ಸರ್ಕಾರಿ ಲಾಟರಿ ಇಲ್ಲ. ಕರ್ನಾಟಕದಲ್ಲಿ 2007ರಿಂದ ಇಲ್ಲ. ಆದರೂ ಜಾಕ್‌ಪಾಟ್ ಎಂಬ ಮಾತು ನಮ್ಮನ್ನು ಬಿಟ್ಟಿಲ್ಲ. ಕೇರಳದ ಗಡಿಯಿಂದ, ಅಮೆರಿಕದಲ್ಲಿರುವ ಮಕ್ಕಳ ಫೋನಿನಿಂದ, ಅಪರಿಚಿತರ ವಾಟ್ಸ್ಆ್ಯಪ್ ಸಂದೇಶದಿಂದ ಅದು ಮನೆಯೊಳಗೆ ಬರುತ್ತಲೇ ಇದೆ. ಆ ದುಡ್ಡು ಎಲ್ಲಿಂದ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ, ಯಾರ ಕೈಗೆ ಎಷ್ಟು ಹೋಗುತ್ತದೆ ಎಂಬುದನ್ನು ನಮ್ಮ ಭಾಷೆಯಲ್ಲೇ ಕುಳಿತು ಲೆಕ್ಕ ಹಾಕಬೇಕೆಂಬುದು ನನ್ನ ಬಹುದಿನದ ಆಸೆ.

2024ರ ಅಕ್ಟೋಬರಿನ ಸುದ್ದಿ ನಿಮಗೆ ನೆನಪಿರಬಹುದು. ಮಂಡ್ಯ ಜಿಲ್ಲೆಯ ಪಾಂಡವಪುರದ ಒಬ್ಬ ಮೆಕ್ಯಾನಿಕ್‌ಗೆ ಕೇರಳದ ತಿರುವೋಣಂ ಬಂಪರ್‌ನ ಮೊದಲ ಬಹುಮಾನ ಬಂತು, 25 ಕೋಟಿ ರೂಪಾಯಿ. ಟಿಕೆಟ್ ಮಾರಾಟವಾದದ್ದು ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ, ಬೆಲೆ 500 ರೂಪಾಯಿ. ಕನ್ನಡದ ಟಿವಿ ಚಾನೆಲ್‌ಗಳು ಪಾಂಡವಪುರಕ್ಕೆ ಧಾವಿಸಿದವು. ಆ ಮನುಷ್ಯನ ಸಂತೋಷಕ್ಕೆ ನನ್ನದೇನೂ ತಕರಾರಿಲ್ಲ, ಅವರು ಚೆನ್ನಾಗಿರಲಿ. ನನ್ನ ಪ್ರಶ್ನೆ ಉಳಿದವರ ಕುರಿತು. ಆ ಸಲ ಮಾರಾಟವಾದ ಟಿಕೆಟ್ ಸುಮಾರು 71 ಲಕ್ಷ. ಐನೂರರಂತೆ ಗುಣಿಸಿದರೆ 355 ಕೋಟಿ ರೂಪಾಯಿ. ಮೊದಲ ಬಹುಮಾನದ 25 ಕೋಟಿ ಅದರಲ್ಲಿ ನೂರಕ್ಕೆ ಏಳು ಪಾಲು. ತಲಾ ಒಂದು ಕೋಟಿಯ ಎರಡನೇ ಬಹುಮಾನ ಇಪ್ಪತ್ತು ಜನಕ್ಕೆ, ತಲಾ ಐವತ್ತು ಲಕ್ಷದ ಮೂರನೆಯದು ಇಪ್ಪತ್ತು ಜನಕ್ಕೆ. ಆ ಮೂವತ್ತು ಕೋಟಿಯನ್ನು ಸೇರಿಸಿದರೂ 55 ಕೋಟಿಯಾಯಿತು. ಕೆಳಗಿನ ಸಣ್ಣ ಬಹುಮಾನಗಳು ಸಾವಿರಾರು ಜನಕ್ಕೆ ಹಂಚಿಹೋಗುತ್ತವೆ. ಮಿಕ್ಕದ್ದು ತೆರಿಗೆ, ಮುದ್ರಣ, ಏಜೆಂಟರ ಕಮಿಷನ್, ಸರ್ಕಾರದ ಆದಾಯ.

ಗೆದ್ದವರಿಗೂ 25 ಕೋಟಿ ಸಿಗುವುದಿಲ್ಲ. ಟಿಕೆಟ್ ಮಾರಿದ ಏಜೆಂಟರಿಗೆ ಬಹುಮಾನದ ಶೇ. 10 ಕಮಿಷನ್, ಎರಡೂವರೆ ಕೋಟಿ ಅಲ್ಲಿಗೆ ಹೋಯಿತು. ಉಳಿದ ಇಪ್ಪತ್ತೆರಡೂವರೆ ಕೋಟಿಗೆ ಆದಾಯ ತೆರಿಗೆ ಶೇ. 30, ಅಂದರೆ 6 ಕೋಟಿ 75 ಲಕ್ಷ. ಆ ತೆರಿಗೆಯ ಮೇಲೆ ಸರ್ಚಾರ್ಜ್, ಅದರ ಮೇಲೆ ಸೆಸ್. ಕೊನೆಗೆ ಕೈಯಲ್ಲಿ ಉಳಿಯುವುದು 13 ಕೋಟಿಯ ಆಸುಪಾಸು. ಹತ್ತು ವರ್ಷ ಟಿಕೆಟ್ ಕೊಂಡು ಕಳೆದುಕೊಂಡದ್ದನ್ನು ಈ ತೆರಿಗೆಯಲ್ಲಿ ಕಳೆದು ತೋರಿಸುವ ಹಾಗೂ ಇಲ್ಲ. ಗೆಲುವಿಗೆ ಮಾತ್ರ ಲೆಕ್ಕ, ಸೋಲಿಗೆ ಲೆಕ್ಕವಿಲ್ಲ.

ಇದು ಮುದ್ರಿತ ಟಿಕೆಟ್ಟಿನ ಲಾಟರಿ. ಇಲ್ಲಿ ನಂಬರನ್ನು ಮೊದಲೇ ಅಚ್ಚು ಹಾಕಿರುತ್ತಾರೆ, ಬಹುಮಾನವೂ ಮೊದಲೇ ಘೋಷಿತ. ಜಾಕ್‌ಪಾಟ್ ಆಟದ ಜಾತಿ ಬೇರೆ. ಅಲ್ಲಿ ನಂಬರುಗಳನ್ನು ಆರಿಸುವವರು ನೀವು. ಬಹುಮಾನ ಎಷ್ಟೆಂಬುದು ಎಷ್ಟು ಟಿಕೆಟ್ ಮಾರಾಟವಾಯಿತು ಎಂಬುದರ ಮೇಲೆ ನಿಂತಿರುತ್ತದೆ. ನಮ್ಮ ದೇಶಕ್ಕೆ ಇದು ದೊಡ್ಡ ಪ್ರಮಾಣದಲ್ಲಿ ಬಂದದ್ದು ಎರಡು ಸಾವಿರದ ಇಸವಿಯ ನಂತರ. ಸಿಕ್ಕಿಂ ಸರ್ಕಾರದ ಹೆಸರಿನಲ್ಲಿ ಎಸ್ಸೆಲ್ ಸಮೂಹದ ಪ್ಲೇವಿನ್ ನಡೆಸಿದ ಸೂಪರ್ ಲೊಟ್ಟೊ ನಿಮ್ಮಲ್ಲಿ ನಲವತ್ತು ದಾಟಿದವರಿಗೆ ಗೊತ್ತಿರುತ್ತದೆ. ಅಂಗಡಿಯಲ್ಲಿ ಕಂಪ್ಯೂಟರ್ ಟರ್ಮಿನಲ್, 1ರಿಂದ 49ರವರೆಗಿನ ಅಂಕಿಗಳಲ್ಲಿ ಆರನ್ನು ಗುರುತು ಹಾಕುವ ಚೀಟಿ, ಟಿವಿಯಲ್ಲಿ ಉರುಳುವ ಚೆಂಡುಗಳು.

ನಲವತ್ತೊಂಬತ್ತರಲ್ಲಿ ಆರನ್ನು ಆರಿಸುವ ಈ 6/49 ಆಟವನ್ನೇ ಬಿಡಿಸಿ ನೋಡೋಣ. ಮೊದಲ ಚೆಂಡು 49ರಲ್ಲಿ ಯಾವುದಾದರೂ ಆಗಬಹುದು, ಎರಡನೆಯದು 48ರಲ್ಲಿ, ಹೀಗೆ ಆರನೆಯದು 44ರಲ್ಲಿ. ಈ ಆರು ಸಂಖ್ಯೆಗಳನ್ನು ಗುಣಿಸಿ, ಬಂದ ಕ್ರಮ ಮುಖ್ಯವಲ್ಲವಾದ್ದರಿಂದ 720ರಿಂದ ಭಾಗಿಸಿ. ಬರುವ ಉತ್ತರ 1,39,83,816. ಅಂದರೆ ಸುಮಾರು 1 ಕೋಟಿ 40 ಲಕ್ಷ ಬೇರೆ ಬೇರೆ ಆಯ್ಕೆಗಳು. ಅವುಗಳಲ್ಲಿ ನಿಮ್ಮದು ಒಂದು. ವಾರಕ್ಕೊಂದು ಟಿಕೆಟ್ ಕೊಳ್ಳುವವನಿಗೆ ಸರಾಸರಿ ಒಂದು ಜಾಕ್‌ಪಾಟ್ ಬೀಳಲು 2 ಲಕ್ಷ 69 ಸಾವಿರ ವರ್ಷ ಬೇಕು. ಆರರಲ್ಲಿ ಐದು ಹೊಂದುವ ಸಾಧ್ಯತೆ 54 ಸಾವಿರಕ್ಕೊಂದು, ನಾಲ್ಕು ಹೊಂದುವುದು 1,032ಕ್ಕೊಂದು, ಮೂರು ಹೊಂದುವುದು 57ಕ್ಕೊಂದು. ಈ ಕೊನೆಯ ಸಂಖ್ಯೆಯನ್ನು ಗಮನದಲ್ಲಿಡಿ. ಆಟಗಾರನನ್ನು ಮತ್ತೆ ಮತ್ತೆ ಅಂಗಡಿಗೆ ಕರೆತರುವುದು ಜಾಕ್‌ಪಾಟ್ ಅಲ್ಲ, ಈ ಮೂರಂಕಿಯ ಸಣ್ಣ ಗೆಲುವು. ವರ್ಷಕ್ಕೊಮ್ಮೆ ಟೀ-ತಿಂಡಿಯ ದುಡ್ಡು ಮರಳಿ ಬಂದರೂ ಸಾಕು, ಯಂತ್ರ ತನ್ನನ್ನು ಮರೆತಿಲ್ಲ ಎಂದು ಅವನಿಗೆ ಅನ್ನಿಸುತ್ತದೆ.

ಇನ್ನು ಜಾಕ್‌ಪಾಟ್ ಊದಿಕೊಳ್ಳುವ ಬಗೆ. ಟಿಕೆಟ್ ಮಾರಾಟದ ಹಣದಲ್ಲಿ ಒಂದು ನಿಗದಿತ ಪಾಲು, ಅನೇಕ ದೇಶಗಳಲ್ಲಿ ಸರಿಸುಮಾರು ಅರ್ಧ, ಬಹುಮಾನದ ನಿಧಿಗೆ ಹೋಗುತ್ತದೆ. ಆ ನಿಧಿಯ ದೊಡ್ಡ ಭಾಗವನ್ನು ಜಾಕ್‌ಪಾಟ್‌ಗೆಂದು ಎತ್ತಿಡುತ್ತಾರೆ. ಈ ವಾರ ಆರೂ ಅಂಕಿ ಯಾರಿಗೂ ಹೊಂದದಿದ್ದರೆ ಆ ಹಣ ಮುಂದಿನ ವಾರಕ್ಕೆ ಸೇರುತ್ತದೆ. ಇದೇ ರೋಲ್‌ಓವರ್. ವಾರಕ್ಕೆ 20 ಲಕ್ಷ ಟಿಕೆಟ್ ಮಾರಾಟವಾಗುವ 6/49 ಆಟದಲ್ಲಿ ಯಾರಾದರೂ ಒಬ್ಬರು ಜಾಕ್‌ಪಾಟ್ ಹೊಡೆಯುವ ಸಾಧ್ಯತೆ ನೂರಕ್ಕೆ 13 ಮಾತ್ರ. ಸರಾಸರಿ ಏಳೆಂಟು ವಾರಕ್ಕೊಮ್ಮೆ ಬಹುಮಾನ ಇತ್ಯರ್ಥವಾಗುತ್ತದೆ. ಉಳಿದ ವಾರಗಳಲ್ಲಿ ಅದು ಬೆಳೆಯುತ್ತಲೇ ಇರುತ್ತದೆ. 1 ಕೋಟಿ 40 ಲಕ್ಷ ಟಿಕೆಟ್ ಮಾರಿದರೂ, ಅಂದರೆ ಆಯ್ಕೆಗಳಷ್ಟೇ ಟಿಕೆಟ್ ಮಾರಿದರೂ, ಯಾರೂ ಗೆಲ್ಲದಿರುವ ಸಾಧ್ಯತೆ ನೂರಕ್ಕೆ 37 ಉಳಿದೇ ಇರುತ್ತದೆ. ಏಕೆಂದರೆ ಅಂಕಿಗಳನ್ನು ಯಾದೃಚ್ಛಿಕವಾಗಿ ಆರಿಸಿದರೂ ಒಂದೇ ಆಯ್ಕೆ ಹಲವರಿಗೆ ಬರುತ್ತದೆ, ಎಷ್ಟೋ ಆಯ್ಕೆಗಳನ್ನು ಯಾರೂ ಮುಟ್ಟುವುದೇ ಇಲ್ಲ.

ನಮ್ಮವರಿಗೆಲ್ಲ ಚೀಟಿ ವ್ಯವಹಾರ ಗೊತ್ತು. ಇಪ್ಪತ್ತು ಜನ ತಿಂಗಳು ತಿಂಗಳು ಹಾಕುತ್ತಾರೆ, ಒಬ್ಬೊಬ್ಬರ ಸರದಿ ಬಂದೇ ಬರುತ್ತದೆ, ನಡೆಸುವವನು ಸಣ್ಣ ಕಮಿಷನ್ ಹಿಡಿದುಕೊಳ್ಳುತ್ತಾನೆ. ಜಾಕ್‌ಪಾಟ್ ಎಂದರೆ ಕೋಟಿ ಜನ ಹಾಕುವ, ಒಬ್ಬನೇ ಎತ್ತುವ, ನಡೆಸುವವನು ಅರ್ಧ ಇಟ್ಟುಕೊಳ್ಳುವ ಚೀಟಿ. ಇಷ್ಟು ತಿಳಿದರೆ ಇದರ ಹಣಕಾಸು ತಿಳಿದಂತೆಯೇ. ಆ ದುಡ್ಡು ಸರ್ಕಾರದ ಔದಾರ್ಯವಲ್ಲ, ದೇವರ ವರವಲ್ಲ, ಸೋತವರ ದುಡ್ಡು. ಹಿಂದಿನ ವಾರ ಸೋತವರದ್ದು, ಅದರ ಹಿಂದಿನ ವಾರ ಸೋತವರದ್ದು.

ಜಾಕ್‌ಪಾಟ್ ತಾನಾಗಿ ದೊಡ್ಡದಾಗುವುದಿಲ್ಲ, ದೊಡ್ಡದಾಗುವಂತೆ ಅದನ್ನು ಕಟ್ಟುತ್ತಾರೆ. 2015ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ನ್ಯಾಷನಲ್ ಲಾಟರಿ ಚೆಂಡುಗಳನ್ನು 49ರಿಂದ 59ಕ್ಕೆ ಏರಿಸಿತು. ಹತ್ತೇ ಚೆಂಡು ಹೆಚ್ಚಾದವು. ಗೆಲ್ಲುವ ಸಾಧ್ಯತೆ 1 ಕೋಟಿ 40 ಲಕ್ಷಕ್ಕೊಂದು ಇದ್ದದ್ದು 4 ಕೋಟಿ 50 ಲಕ್ಷಕ್ಕೊಂದಕ್ಕೆ ಕುಸಿಯಿತು. ಅದೇ ತಿಂಗಳು ಅಮೆರಿಕದ ಪವರ್‌ಬಾಲ್ ಕೂಡ ತನ್ನ ನಿಯಮ ಬದಲಿಸಿತು. ಅಲ್ಲಿ ಈಗ 69ರಲ್ಲಿ ಐದು, ಜೊತೆಗೆ 26ರಲ್ಲಿ ಒಂದು ಕೆಂಪು ಚೆಂಡು. ಹಿಂದೆ 17 ಕೋಟಿ 52 ಲಕ್ಷಕ್ಕೊಂದು ಇದ್ದ ಸಾಧ್ಯತೆ 29 ಕೋಟಿ 22 ಲಕ್ಷಕ್ಕೊಂದಾಯಿತು. ಗೆಲುವು ಕಷ್ಟವಾದಷ್ಟೂ ರೋಲ್‌ಓವರ್ ಹೆಚ್ಚು, ರೋಲ್‌ಓವರ್ ಹೆಚ್ಚಾದಷ್ಟೂ ಜಾಹೀರಾತು ಫಲಕದ ಮೇಲಿನ ಅಂಕಿ ದೊಡ್ಡದು, ಅಂಕಿ ದೊಡ್ಡದಾದಷ್ಟೂ ಎಂದೂ ಟಿಕೆಟ್ ಕೊಳ್ಳದವರೂ ಸಾಲಿನಲ್ಲಿ ನಿಲ್ಲುತ್ತಾರೆ. 2022ರ ನವೆಂಬರಿನಲ್ಲಿ ಪವರ್‌ಬಾಲ್ 204 ಕೋಟಿ ಡಾಲರಿಗೆ ಏರಿದ್ದು ಇದರ ಫಲ. ಆ 204 ಕೋಟಿ ಕೂಡ 29 ವರ್ಷಗಳಲ್ಲಿ 30 ಕಂತಾಗಿ ಕೊಟ್ಟರೆ ಮಾತ್ರ. ಒಂದೇ ಗಂಟಿನಲ್ಲಿ ಬೇಕೆಂದರೆ ಸಿಗುತ್ತಿದ್ದದ್ದು 100 ಕೋಟಿ ಡಾಲರಿಗಿಂತ ಸ್ವಲ್ಪ ಕಡಿಮೆ, ಅದೂ ತೆರಿಗೆಗೆ ಮುಂಚೆ. ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇರುವ ನಿಮ್ಮ ಮಕ್ಕಳು ಕಚೇರಿಯ ಗೆಳೆಯರೊಂದಿಗೆ ಎರಡು ಡಾಲರ್ ಹಾಕಿದ್ದೇವೆ ಎಂದು ಹೇಳಿದರೆ, ಫಲಕದ ಅಂಕಿ ಅರ್ಧಕ್ಕರ್ಧ ಕಾಲದ ಬಡ್ಡಿಯಿಂದ ಆದದ್ದೆಂದು ಅವರಿಗೆ ತಿಳಿಸಿ.

ಗೆದ್ದರೂ ಹಂಚಿಕೊಳ್ಳಬೇಕಾಗಬಹುದು. 1995ರ ಜನವರಿ 14ರಂದು ಬ್ರಿಟನ್ನಿನಲ್ಲಿ ಒಂದೇ ಡ್ರಾದಲ್ಲಿ 133 ಜನ ಆರೂ ಅಂಕಿ ಹೊಂದಿಸಿದರು. 1 ಕೋಟಿ 60 ಲಕ್ಷ ಪೌಂಡಿನ ಜಾಕ್‌ಪಾಟ್ ತಲೆಗೆ 1,22,510 ಪೌಂಡ್ ಆಯಿತು. ಚೀಟಿಯ ಮೇಲೆ ಆ ಅಂಕಿಗಳು ನಡುವಿನ ಸಾಲುಗಳಲ್ಲೇ ಇದ್ದವು, ನೋಡಲು ಒಪ್ಪವಾಗಿರಲೆಂದು ಅನೇಕರು ಹಾಗೆ ಗುರುತು ಹಾಕಿರಬೇಕು. ಹುಟ್ಟಿದ ದಿನಾಂಕ ಆರಿಸುವವರದ್ದೂ ಇದೇ ಕಥೆ. 31ರ ಆಚೆಗೆ ಅವರ ಕೈ ಹೋಗುವುದಿಲ್ಲ. ಯಾವ ಅಂಕಿಯನ್ನು ಆರಿಸಿದರೂ ಗೆಲ್ಲುವ ಸಾಧ್ಯತೆ ಒಂದೇ, ಆದರೆ ಎಲ್ಲರೂ ಆರಿಸುವ ಅಂಕಿ ಆರಿಸಿದರೆ ಗೆದ್ದಾಗ ಸಿಗುವ ಪಾಲು ಕಡಿಮೆ.

ಎಲ್ಲ ಆಯ್ಕೆಗಳನ್ನೂ ಕೊಂಡುಬಿಟ್ಟರೆ? ಈ ಯೋಚನೆಯನ್ನು ಕಾರ್ಯಕ್ಕೆ ಇಳಿಸಿದವನು ಸ್ಟೀಫನ್ ಮ್ಯಾಂಡೆಲ್ ಎಂಬ ರುಮೇನಿಯಾ ಮೂಲದ ಲೆಕ್ಕಿಗ. 1992ರ ಫೆಬ್ರುವರಿಯಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ಲಾಟರಿಯಲ್ಲಿ ಚೆಂಡುಗಳು 44 ಮಾತ್ರ, ಆಯ್ಕೆಗಳು 70 ಲಕ್ಷ ಚಿಲ್ಲರೆ, ಟಿಕೆಟ್ ಒಂದು ಡಾಲರ್, ಬೆಳೆದು ನಿಂತ ಜಾಕ್‌ಪಾಟ್ 2 ಕೋಟಿ 70 ಲಕ್ಷ ಡಾಲರ್. ಆಸ್ಟ್ರೇಲಿಯಾದ ಹೂಡಿಕೆದಾರರ ಗುಂಪು ಕಟ್ಟಿಕೊಂಡು ಅವನು ಅಂಗಡಿ ಅಂಗಡಿಗಳಲ್ಲಿ ಟಿಕೆಟ್ ಕೊಳ್ಳಿಸಿದ. ಹೊತ್ತು ಮುಗಿಯುವಷ್ಟರಲ್ಲಿ ಎಲ್ಲ ಆಯ್ಕೆ ಕೊಳ್ಳಲಾಗಲಿಲ್ಲ, ಸುಮಾರು 50 ಲಕ್ಷ ಕೊಂಡರು. ಗೆಲ್ಲುವ ಟಿಕೆಟ್ ಅದರಲ್ಲಿತ್ತು. ಇಂಥ ದಾರಿಗಳನ್ನು ಲಾಟರಿಗಳು ಆಮೇಲೆ ಬಿಗಿಗೊಳಿಸಿದವು. 29 ಕೋಟಿ ಆಯ್ಕೆಗಳ ಆಟದಲ್ಲಿ ಅದನ್ನು ಮಾಡುವುದು ಸಾಮಾನ್ಯರ ಮಾತಲ್ಲ.

ಡ್ರಾ ಪ್ರಾಮಾಣಿಕವೇ ಎಂಬ ಅನುಮಾನ ಎಲ್ಲರದೂ. ಚೆಂಡುಗಳನ್ನು ತೂಗುತ್ತಾರೆ, ಅಳೆಯುತ್ತಾರೆ, ಮೊಹರು ಹಾಕಿ ಬೀಗದಲ್ಲಿಡುತ್ತಾರೆ. ಕೇರಳದ ಡ್ರಾ ತಿರುವನಂತಪುರದ ಗೋರ್ಕಿ ಭವನದಲ್ಲಿ ಮಧ್ಯಾಹ್ನ ಬಹಿರಂಗವಾಗಿ, ತೀರ್ಪುಗಾರರ ಎದುರಿನಲ್ಲಿ ನಡೆಯುತ್ತದೆ. ಕಂಪ್ಯೂಟರ್ ಅಂಕಿ ಹೊರಡಿಸುವ ಕಡೆ ಕಾವಲು ಇನ್ನೂ ಕಠಿಣವಾಗಿರಬೇಕು. ಅಮೆರಿಕದಲ್ಲಿ ಹಲವು ರಾಜ್ಯಗಳ ಲಾಟರಿ ಸಂಘದ ಭದ್ರತಾ ವಿಭಾಗದ ಮುಖ್ಯಸ್ಥನಾಗಿದ್ದ ಎಡ್ಡಿ ಟಿಪ್ಟನ್ ಎಂಬಾತನೇ ಯಾದೃಚ್ಛಿಕ ಅಂಕಿ ಹುಟ್ಟಿಸುವ ತಂತ್ರಾಂಶದಲ್ಲಿ ಕೈವಾಡ ನಡೆಸಿ, ವರ್ಷದ ಕೆಲವು ದಿನಗಳ ಫಲಿತಾಂಶವನ್ನು ಊಹಿಸುವಂತೆ ಮಾಡಿಕೊಂಡಿದ್ದ. ಅವನಿಗೆ ಶಿಕ್ಷೆಯಾಯಿತು. ಇಲ್ಲಿ ಕುಳಿತ ಅನೇಕರು ಗಚ್ಚಿಬೌಲಿಯಲ್ಲಿ, ಫೈನಾನ್ಶಿಯಲ್ ಡಿಸ್ಟ್ರಿಕ್ಟಿನಲ್ಲಿ ತಂತ್ರಾಂಶ ಬರೆಯುವವರು. ಬೀಗ ಕಾಯುವವನ ಕೈಯಲ್ಲೇ ಕೋಡ್ ಇದ್ದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಈಗ ನಮ್ಮ ನೆಲದ ಕಥೆ. ಜೂಜಿನ ಬಗ್ಗೆ ಭಾರತದ ಅತ್ಯಂತ ದೊಡ್ಡ ತೀರ್ಪು ಹುಟ್ಟಿದ್ದು ಬೆಂಗಳೂರಿನಿಂದ ಎಂಬುದು ಕನ್ನಡಿಗರಿಗೇ ಹೆಚ್ಚು ತಿಳಿದಿಲ್ಲ. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ವಾರಪತ್ರಿಕೆಯ ಮೂಲಕ ಆರ್.ಎಂ.ಡಿ. ಚಮರಬಾಗ್‌ವಾಲಾ ಅವರ ಸಂಸ್ಥೆ ಪದಬಂಧದ ಬಹುಮಾನ ಸ್ಪರ್ಧೆ ನಡೆಸುತ್ತಿತ್ತು. ಮುಂಬಯಿ ರಾಜ್ಯ ಅದಕ್ಕೆ ತೆರಿಗೆ ಹಾಕಿತು, ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. ಜೂಜು ವ್ಯಾಪಾರವೇ ಅಲ್ಲ, ವ್ಯಾಪಾರ ಮಾಡುವ ಸಂವಿಧಾನದತ್ತ ಹಕ್ಕು ಅದಕ್ಕೆ ಅನ್ವಯಿಸುವುದಿಲ್ಲ ಎಂದು ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರ ಪೀಠ 1957ರಲ್ಲಿ ಹೇಳಿತು. ಅದಾಗಿ ಹತ್ತು ವರ್ಷಕ್ಕೆ, 1967ರಲ್ಲಿ, ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡ್ ಅವರ ಸರ್ಕಾರದ ಅರ್ಥಮಂತ್ರಿ ಪಿ.ಕೆ. ಕುಂಞು ಅವರ ಯೋಚನೆಯಂತೆ ಕೇರಳ ಲಾಟರಿ ಇಲಾಖೆ ಶುರುಮಾಡಿತು. ಟಿಕೆಟ್ ಒಂದು ರೂಪಾಯಿ, ಮೊದಲ ಬಹುಮಾನ 50,000, ಮೊದಲ ಡ್ರಾ 1968ರ ಜನವರಿ 26. ಬೇರೆ ರಾಜ್ಯಗಳು ಹಿಂಬಾಲಿಸಿದವು. ನಮ್ಮದು ಮೈಸೂರು ರಾಜ್ಯ ಎನಿಸಿಕೊಂಡಿದ್ದಾಗಲೇ ಮೈಸೂರು ಸ್ಟೇಟ್ ಲಾಟರಿ ಬಂತು.

ಖಾಸಗಿಯವರು ಲಾಟರಿ ನಡೆಸಿದರೆ ಅಪರಾಧ, ಸರ್ಕಾರ ನಡೆಸಿದರೆ ಆದಾಯ. ಕಾನೂನು ಹಾಗೇ ಇದೆ. ಸಂಸತ್ತು 1998ರಲ್ಲಿ ಲಾಟರಿ ನಿಯಂತ್ರಣ ಕಾಯ್ದೆ ಮಾಡಿದ್ದು ಒಂದಂಕಿ ಲಾಟರಿ ಊರೂರು ಹಾಳು ಮಾಡಿದ ಮೇಲೆ. ಒಂದೇ ಅಂಕಿಗೆ ಬಹುಮಾನ ಕೂಡದು, ಟಿಕೆಟ್ ಸರ್ಕಾರವೇ ಅಚ್ಚು ಹಾಕಿಸಬೇಕು, ಡ್ರಾ ಸರ್ಕಾರವೇ ರಾಜ್ಯದೊಳಗೇ ಮಾಡಬೇಕು, ಮಾರಾಟದ ಹಣ ಸರ್ಕಾರದ ಖಾತೆಗೇ ಹೋಗಬೇಕು, ಬಂಪರ್ ಡ್ರಾ ವರ್ಷಕ್ಕೆ ಆರನ್ನು ಮೀರಬಾರದು ಎಂದು ಅದು ಹೇಳುತ್ತದೆ. ಹೊರರಾಜ್ಯದ ಲಾಟರಿಯನ್ನು ತಡೆಯಬೇಕಾದರೆ ರಾಜ್ಯ ತನ್ನದನ್ನೂ ನಿಲ್ಲಿಸಬೇಕು ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಬಿ.ಆರ್. ಎಂಟರ್‌ಪ್ರೈಸಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು.

ಕರ್ನಾಟಕ ಮೊದಲು ತೆರಿಗೆಯ ದಾರಿ ಹಿಡಿಯಿತು. 2004ರಲ್ಲಿ ಲಾಟರಿ ತೆರಿಗೆ ಕಾಯ್ದೆ ತಂದು ಮೇಘಾಲಯ, ಸಿಕ್ಕಿಂ ಮುಂತಾದ ರಾಜ್ಯಗಳ ಟಿಕೆಟ್ಟಿಗೆ ತೆರಿಗೆ ಹಾಕಿತು. ಆ ತೆರಿಗೆ ಹಾಕುವ ಅಧಿಕಾರದ ವಿವಾದ ಸುಪ್ರೀಂ ಕೋರ್ಟಿನಲ್ಲಿ ಬಗೆಹರಿದದ್ದು 2022ರ ಮಾರ್ಚಿನಲ್ಲಿ. ಕನ್ನಡಿಗರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ರಾಜ್ಯದ ಪರ ತೀರ್ಪಿತ್ತಿತು. ಅಷ್ಟರೊಳಗೆ ಲಾಟರಿಯೇ ಹೋಗಿತ್ತು. ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದ 2007ರಲ್ಲಿ, ಸಾರಾಯಿ ನಿಷೇಧವಾದ ವರ್ಷವೇ, ಕರ್ನಾಟಕ ತನ್ನ ಲಾಟರಿಯನ್ನು ಮುಚ್ಚಿ ಎಲ್ಲರ ಲಾಟರಿಯನ್ನೂ ನಿಷೇಧಿಸಿತು. ಆ ನಿರ್ಧಾರ ಸರಿಯಾದದ್ದು ಎಂದು ನಾನು ಖಂಡಿತವಾಗಿ ನಂಬುತ್ತೇನೆ. ಕೂಲಿಯವನೂ ಕಂಪನಿಯ ಮಾಲೀಕನೂ ಒಂದೇ ಬೆಲೆ ತೆತ್ತು ಕೊಳ್ಳುವ ಟಿಕೆಟ್ಟಿನಿಂದ ಖಜಾನೆ ತುಂಬಿಸುವುದು ಬಡವನ ಮೇಲೆ ಹಾಕುವ ತೆರಿಗೆ. ಅದನ್ನು ಅವನು ಸಂತೋಷದಿಂದ ತೆರುತ್ತಾನೆ ಎಂಬ ಕಾರಣಕ್ಕೆ ಅದು ನ್ಯಾಯವಾಗುವುದಿಲ್ಲ.

ಕೇರಳದ ಪಕ್ಷವನ್ನೂ ಹೇಳಬೇಕು. 2011ರಲ್ಲಿ ಕೆ.ಎಂ. ಮಾಣಿ ಅರ್ಥಮಂತ್ರಿಯಾಗಿದ್ದಾಗ ಶುರುವಾದ ಕಾರುಣ್ಯ ಲಾಟರಿಯ ಹಣದಿಂದ ಬಡ ರೋಗಿಗಳ ಕ್ಯಾನ್ಸರ್, ಹೃದಯ, ಮೂತ್ರಪಿಂಡದ ಚಿಕಿತ್ಸೆ ನಡೆದಿದೆ. ಅಂಗವಿಕಲರು, ವಯಸ್ಸಾದವರು ಟಿಕೆಟ್ ಮಾರಿ ಬದುಕುತ್ತಾರೆ. ಮಂಜೇಶ್ವರದ, ಕಾಸರಗೋಡಿನ ಕನ್ನಡ ಮನೆಗಳಲ್ಲೂ ಅಂಥವರಿದ್ದಾರೆ. ತಲಪಾಡಿ ಗಡಿ ದಾಟಿದರೆ ಸಾಕು, ಮಂಗಳೂರಿನವರಿಗೂ ಟಿಕೆಟ್ ಸಿಗುತ್ತದೆ. ಆದರೆ ಆಸ್ಪತ್ರೆಯ ಹಣಕ್ಕೆ ಜೂಜನ್ನು ನೆಚ್ಚಿದ ಸರ್ಕಾರ ಜನ ಜೂಜಾಡುವುದು ಕಡಿಮೆಯಾಗಲಿ ಎಂದು ಎಂದಿಗೂ ಬಯಸಲಾರದು. ನನ್ನನ್ನು ಬಾಧಿಸುವುದು ಇದು.

ನಿಷೇಧವೊಂದೇ ಸಾಲದು ಎಂಬುದಕ್ಕೂ ಕರ್ನಾಟಕವೇ ಸಾಕ್ಷಿ. 2015ರಲ್ಲಿ ಅಕ್ರಮ ಒಂದಂಕಿ ಲಾಟರಿ ದಂಧೆ ಬಯಲಾಗಿ, ತನಿಖೆ ಸಿಐಡಿಯಿಂದ ಸಿಬಿಐವರೆಗೆ ಹೋಯಿತು. ಅಂಗಡಿಯ ಕೌಂಟರ್ ಮುಚ್ಚಿದ ಮೇಲೆ ಜೂಜು ಫೋನಿಗೆ ಬಂತು. ತೆಲಂಗಾಣ 2017ರಲ್ಲೇ ಆನ್‌ಲೈನ್ ಹಣದ ಆಟಗಳನ್ನು ನಿಷೇಧಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಇಡೀ ದೇಶಕ್ಕೆ ಅಂಥದೇ ನಿಷೇಧದ ಕಾಯ್ದೆ ಮಾಡಿತು. ಅದೇ ವರ್ಷ ಸೆಪ್ಟೆಂಬರಿನಿಂದ ಲಾಟರಿ ಟಿಕೆಟ್ಟಿನ ಜಿಎಸ್‌ಟಿ ಶೇ. 28ರಿಂದ 40ಕ್ಕೆ ಏರಿದೆ. ಟಿಕೆಟ್ಟಿನ ಬೆಲೆ ಏರದಿದ್ದರೆ ಆ ಹೊರೆ ಬೀಳುವುದು ಬಹುಮಾನದ ನಿಧಿಯ ಮೇಲೆ, ಮಾರುವವನ ಕಮಿಷನ್ನಿನ ಮೇಲೆ.

ಲಾಟರಿ ನಡೆಸುವ ಸರ್ಕಾರಗಳನ್ನು ನಾನು ಕೇಳುವುದು ಒಂದನ್ನು. ಟಿಕೆಟ್ಟಿನ ಮೇಲೆ ಬಹುಮಾನದ ಮೊತ್ತವನ್ನು ಎಷ್ಟು ದಪ್ಪ ಅಕ್ಷರದಲ್ಲಿ ಅಚ್ಚು ಹಾಕುತ್ತೀರೋ ಅಷ್ಟೇ ದಪ್ಪ ಅಕ್ಷರದಲ್ಲಿ ಅದರ ಪಕ್ಕದಲ್ಲೇ ಗೆಲ್ಲುವ ಸಾಧ್ಯತೆಯನ್ನೂ ಹಾಕಿ: ಎಷ್ಟು ಲಕ್ಷಕ್ಕೊಂದು ಎಂದು, ಕೊಳ್ಳುವವನ ಭಾಷೆಯಲ್ಲಿ. ಸಿಗರೇಟಿನ ಪೊಟ್ಟಣಕ್ಕೆ ಎಚ್ಚರಿಕೆ ಕಡ್ಡಾಯ ಮಾಡಿದ ದೇಶಕ್ಕೆ ಇದು ಅಸಾಧ್ಯವಲ್ಲ.

ನಿಮ್ಮಲ್ಲೂ ಒಂದು ವಿನಂತಿ. ಮಣಿಕೊಂಡದ, ಪುಪ್ಪಾಲಗುಡದ ಕಟ್ಟಡಗಳಲ್ಲಿ ಕೆಲಸ ಮಾಡುವವರಲ್ಲಿ, ಗೇಟು ಕಾಯುವವರಲ್ಲಿ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯ ನಮ್ಮವರಿದ್ದಾರೆ. 25 ಲಕ್ಷದ ಲಾಟರಿ ಹೊಡೆದಿದೆ, ಜಿಎಸ್‌ಟಿ ಎಂದು ಇಷ್ಟು ಸಾವಿರ ಮೊದಲು ಕಟ್ಟಿ ಎಂಬ ಸಂದೇಶಗಳು ಅವರ ಫೋನಿಗೆ ಬರುತ್ತವೆ. ಒಮ್ಮೆ ಕೌನ್ ಬನೇಗಾ ಕರೋಡ್‌ಪತಿಯ ಹೆಸರಿನಲ್ಲಿ, ಒಮ್ಮೆ ಕೇರಳ ಲಾಟರಿಯ ಹೆಸರಿನಲ್ಲಿ. ಅವರೊಂದಿಗೆ ಹತ್ತು ನಿಮಿಷ ಕನ್ನಡದಲ್ಲಿ ಮಾತಾಡಿ. ಕೊಳ್ಳದ ಟಿಕೆಟ್ಟಿಗೆ ಬಹುಮಾನ ಬರುವುದಿಲ್ಲ, ಕೇರಳ ಸರ್ಕಾರ ಟಿಕೆಟ್ಟನ್ನು ಆನ್‌ಲೈನಿನಲ್ಲಿ ಮಾರುವುದಿಲ್ಲ, ಬಹುಮಾನದ ತೆರಿಗೆಯನ್ನು ಬಹುಮಾನದಿಂದಲೇ ಹಿಡಿಯುತ್ತಾರೆ, ಮುಂಗಡ ಕೇಳುವುದಿಲ್ಲ ಎಂದು ತಿಳಿಸಿ. ಯಾರಾದರೂ ಆಗಲೇ ಹಣ ಕಳಿಸಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿಸಿ.